‘ಕೇಳಲಾಯಿತು’ ಎಂದು ಬರೆದಿದೆ; ಕೇಳಿದ್ದು ಯಾರನ್ನು?

ಕರ್ನಾಟಕ ಉಚ್ಚ ನ್ಯಾಯಾಲಯದ ಮಾನ್ಯ ಮುಖ್ಯ ನ್ಯಾಯಮೂರ್ತಿಗಳಿಗೆ ಒಬ್ಬ ನಿವೃತ್ತ ಗುಮಾಸ್ತನ ಬಹಿರಂಗ ಪತ್ರ

ಮಾನ್ಯರೆ,

ನಾನು ವಕೀಲನಲ್ಲ. ಸಾರಿಗೆ ಸಂಸ್ಥೆಯೊಂದರ ಡಿಪೋದಲ್ಲಿ 27 ವರ್ಷ ಶಿಸ್ತು ಶಾಖೆಯ ಗುಮಾಸ್ತನಾಗಿದ್ದು ನಿವೃತ್ತನಾದವನು. ಚೆಕಿಂಗ್‌ನವರ ಕೈಗೆ ಸಿಕ್ಕಿಬಿದ್ದ ಕಂಡಕ್ಟರುಗಳ ಫೈಲುಗಳೆಲ್ಲ ನನ್ನ ಮೇಜಿನ ಮೇಲೆ ಹಾದು ಹೋಗುತ್ತಿದ್ದವು. ಐದು ರೂಪಾಯಿ ಇಸಿದುಕೊಂಡು ಟಿಕೆಟ್ ಹರಿಯದವನಿಗೂ ಆಪಾದನಾ ಪತ್ರ ಹೋಗಬೇಕು, ಉತ್ತರ ಬರೆಯಲು ದಿನ ಕೊಡಬೇಕು, ವಿಚಾರಣೆಯಲ್ಲಿ ಅವನು ಚೆಕಿಂಗ್ ಇನ್‌ಸ್ಪೆಕ್ಟರನ್ನೇ ಪಾಟೀಸವಾಲಿಗೆ, ಎಂದರೆ ಎದುರು ಪ್ರಶ್ನೆಗೆ, ನಿಲ್ಲಿಸಬಹುದು, ಕೊನೆಗೆ ವಿಚಾರಣಾ ವರದಿಯ ನಕಲು ಅವನ ಕೈಸೇರಿದ ಮೇಲೆಯೇ ಶಿಕ್ಷೆಯ ಮಾತು. ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರೊಬ್ಬರು, ‘ನೋಟಿಸ್ ಮುಟ್ಟಿದ ಸ್ವೀಕೃತಿ ಫೈಲಿಗೆ ಬರೋವರೆಗೂ ಮುಂದಿನ ಹಾಳೆಗೆ ಕಾರ್ಬನ್ ಇಡಬೇಡ ಕಣಯ್ಯ’ ಎನ್ನುತ್ತಿದ್ದರು. ಕಂಡಕ್ಟರ್ ಕದ್ದಿದ್ದಾನೆ ಎಂದು ಡಿಪೋಗೆಲ್ಲ ಗೊತ್ತಿದ್ದರೂ ಅಷ್ಟೆ, ಸ್ವೀಕೃತಿ ಬರಲೇಬೇಕು.

ಈ ಪಾಠ ನಮಗೆ ಎಲ್ಲಿಂದ ಬಂತು? ನ್ಯಾಯಾಲಯಗಳಿಂದಲೇ. ವಿಚಾರಣಾ ವರದಿಯ ಪ್ರತಿ ಕೊಡದೆ ನೌಕರನನ್ನು ದಂಡಿಸಬಾರದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1993ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಪ್ರಕರಣದಲ್ಲಿ ಹೇಳಿತು. ಅದಾದ ಮೇಲೆ ನಮ್ಮಲ್ಲಿ ಝೆರಾಕ್ಸ್ ಖರ್ಚು ಏರಿತು ಎಂದು ಮೇಲಧಿಕಾರಿಗಳು ಗೊಣಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಗೊಣಗಿದರೂ ಕೊಟ್ಟರು. ಕೊಡದಿದ್ದರೆ ಆದೇಶ ನಿಲ್ಲುವುದಿಲ್ಲ ಎಂಬ ಭಯ ಇತ್ತು.

ಐದು ರೂಪಾಯಿಯ ಟಿಕೆಟ್ಟಿಗೆ ಸಿಕ್ಕಿದ ಆ ಮರ್ಯಾದೆ ನನ್ನ ಅವ್ವನ ಒಂದು ಎಕರೆ ಆರು ಗುಂಟೆಗೆ ಸಿಗಲಿಲ್ಲ. ಅವಳ ಪಾಲಿನ ದಾವೆಯಲ್ಲಿ ದಾಖಲೆ ತೋರಿಸಲು ಅವಕಾಶ ಕೊಡದೆ, ‘ಕೇಳಲಾಯಿತು’ ಎಂದು ಬರೆದು ನಮ್ಮ ಅರ್ಜಿ ವಜಾ ಮಾಡಿದರು. ಅದಕ್ಕೆ ಈ ಪತ್ರ.

ನ್ಯಾಯಾಲಯದ ಹೆಸರು, ಊರು, ಕೇಸಿನ ನಂಬರು ಬರೆದಿಲ್ಲ. ಮೇಲಿನ ನ್ಯಾಯಾಲಯದಲ್ಲಿ ನಮ್ಮ ಮೇಲ್ಮನವಿ ಬಾಕಿ ಇದೆ, ಅದು ಅದರ ದಾರಿಯಲ್ಲಿ ನಡೆಯಲಿ. ಅದರಲ್ಲಿ ತಾವು ಕೈಹಾಕಬೇಕೆಂದು ನಾನು ಕೇಳುತ್ತಿಲ್ಲ. ಆದೇಶ ಬರೆದ ನ್ಯಾಯಾಧೀಶರ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನನ್ನ ತಕರಾರು ಇರುವುದು ಆದೇಶ ಹುಟ್ಟಿದ ರೀತಿಯ ಮೇಲೆ.

ಅವ್ವನಿಗೆ ಈಗ 79 ವರ್ಷ. ಅವಳ ಅಪ್ಪ ಬಿಟ್ಟುಹೋದ ಪಿತ್ರಾರ್ಜಿತ ಜಮೀನು ಮೂರೂವರೆ ಎಕರೆ, ಅರ್ಧ ಗದ್ದೆ, ಅರ್ಧ ತೆಂಗಿನ ತೋಟ. ಇಬ್ಬರು ತಮ್ಮಂದಿರು, ಎಂದರೆ ನನ್ನ ದೊಡ್ಡಮಾವ, ಚಿಕ್ಕಮಾವ. ‘ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾದ 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನೂ ಇಲ್ಲ’ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ್ದನ್ನು ಟಿ.ವಿ.ಯಲ್ಲಿ ಕೇಳಿ ಅವ್ವ ಮೊದಲ ಸಲ ಪಾಲಿನ ಮಾತೆತ್ತಿದಳು. ಮಾವಂದಿರು ‘ಬಾಯಿಮಾತಲ್ಲಿ ಪಾಲಾಗಿ ಮೂವತ್ತು ವರ್ಷ ಆಯ್ತು’ ಎಂದರು. 2021ರಲ್ಲಿ ದಾವೆ ಹಾಕಿದೆವು. ಮಾರಾಟ ಮಾಡಬಾರದೆಂದು ತಡೆಯಾಜ್ಞೆಯೂ ಸಿಕ್ಕಿತು.

ಕೋರ್ಟು ಕಚೇರಿ ಎಂದ ಮಾತ್ರಕ್ಕೆ ಮುಖ ತಿರುಗಿಸಿಕೊಂಡು ಕೂರುವ ಜನ ನಾವಲ್ಲ. ವಾಯಿದೆಯ ದಿನ ಕಾರಿಡಾರಿನ ಸಿಮೆಂಟು ಕಟ್ಟೆಯ ಮೇಲೆ ಅವ್ವ ಒಂದು ತುದಿ, ದೊಡ್ಡಮಾವ ಇನ್ನೊಂದು ತುದಿ. ಮಧ್ಯೆ ಅವಳ ಎಲೆ ಅಡಿಕೆ ಸಂಚಿ. ಮಾವ ಕೇಳದೆಯೇ ಸಂಚಿಗೆ ಕೈಹಾಕಿ ಅಡಿಕೆ ತೆಗೆದುಕೊಳ್ಳುತ್ತಿದ್ದ. ‘ಪಾಲು ಕೊಡಾಕಿಲ್ಲ, ಅಡಿಕೆ ಮಾತ್ರ ಬೇಕು’ ಎಂದು ಅವ್ವ ಗದರುತ್ತಿದ್ದಳು.

2023ರ ಏಪ್ರಿಲ್‌ನಲ್ಲಿ ಅವ್ವ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್, ಮಲಗಿದಲ್ಲೇ ಮೂರು ತಿಂಗಳು, ಆಮೇಲೆ ವಾಕರ್. ನಾನೂ ಆ ದಿನಗಳಲ್ಲಿ ವಕೀಲರ ಆಫೀಸಿನ ಕಡೆ ತಲೆ ಹಾಕಲಿಲ್ಲ. ಇದು ನನ್ನ ತಪ್ಪೇ. ವಕೀಲರಿದ್ದಾರಲ್ಲ, ಅಗತ್ಯ ಬಿದ್ದರೆ ಫೋನು ಮಾಡುತ್ತಾರೆ ಎಂಬ ನೆಚ್ಚಿಕೆ. ಅವರು ಅಷ್ಟರಲ್ಲಿ ಆಫೀಸು ಜಿಲ್ಲಾ ಕೇಂದ್ರಕ್ಕೆ ಸಾಗಿಸಿದ್ದರು. ಜುಲೈನಲ್ಲಿ ಅವರು ‘ಕಕ್ಷಿದಾರರಿಂದ ಯಾವ ಸೂಚನೆಯೂ ಇಲ್ಲ’ ಎಂದು ಒಂದು ಮೆಮೊ ಕೊಟ್ಟರು. ವಕೀಲರ ಭಾಷೆಯಲ್ಲಿ ಇದಕ್ಕೆ ನೋ ಇನ್‌ಸ್ಟ್ರಕ್ಷನ್ ಮೆಮೊ ಎನ್ನುತ್ತಾರೆ. ಮುಂದಿನ ವಾಯಿದೆಗೆ, 2023ರ ಆಗಸ್ಟ್ 18ರಂದು, ಅವ್ವನ ಹೆಸರನ್ನು ಬಾಗಿಲಲ್ಲಿ ಮೂರು ಸಲ ಕೂಗಿಸಿದರು. ಅವಳು ಆಗ ಮನೆಯಲ್ಲಿ ಮಂಚದ ಮೇಲಿದ್ದಳು. ಕೂಗು ಅಷ್ಟು ದೂರ ಕೇಳುವುದಿಲ್ಲ. ‘ವಾದಿ ಗೈರು, ದಾವೆ ವಜಾ.’ ದಾವೆಯ ಜೊತೆಗೇ ತಡೆಯಾಜ್ಞೆಯೂ ಹೋಯಿತು.

ಮೆಮೊಗೂ ವಜಾಕ್ಕೂ ನಡುವೆ ನ್ಯಾಯಾಲಯದಿಂದ ನಮಗೊಂದು ಕಾಗದ ಬರಲಿಲ್ಲ. ಬರಬೇಕಿತ್ತೇ? ಬರಬೇಕಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ (ಸಂಹಿತೆಯ ಅಧ್ಯಾಯಗಳಿಗೆ ‘ಆದೇಶ’ ಎಂದೇ ಹೆಸರು) 4ನೇ ನಿಯಮ ಓದಿದರೆ, ವಕಾಲತ್ತು, ಎಂದರೆ ಕಕ್ಷಿದಾರ ವಕೀಲರಿಗೆ ಬರೆದುಕೊಟ್ಟ ಅಧಿಕಾರಪತ್ರ, ಎನ್ನುವುದು ವಕೀಲರು ತಾವಾಗಿ ಕೆಳಗಿಟ್ಟು ಹೋಗುವ ಚೀಲವಲ್ಲ; ನ್ಯಾಯಾಲಯದ ಅನುಮತಿ ಪಡೆದು, ಬರಹದಲ್ಲಿ ಕೊನೆಗೊಳಿಸುವವರೆಗೆ ಅದು ಜಾರಿಯಲ್ಲೇ ಇರುತ್ತದೆ. 6ನೇ ಆದೇಶದ 14-ಎ ನಿಯಮದಂತೆ ಕಕ್ಷಿದಾರರು ತಮ್ಮ ವಿಳಾಸವನ್ನು ದಾಖಲೆಗೆ ಕೊಡಬೇಕು, ಆ ವಿಳಾಸಕ್ಕೆ ನೋಟಿಸ್ ಕಳಿಸಬಹುದು. ಅವ್ವನ ವಿಳಾಸ ಫೈಲಿನ ಮೊದಲ ಹಾಳೆಗಳಲ್ಲೇ ಇದೆ, ಕ್ರಾಸು, ಮನೆ ನಂಬರು, ಪಿನ್ ಕೋಡು ಸಮೇತ. ನಾವು ಮನೆ ಬದಲಿಸಿಲ್ಲ. ಒಂದು ಅಂಚೆ ಸಾಕಿತ್ತು.

ಇದು ನನ್ನ ಸ್ವಂತ ವ್ಯಾಖ್ಯಾನವೂ ಅಲ್ಲ. ವಕೀಲರು ‘ಸೂಚನೆ ಇಲ್ಲ’ ಎಂದು ಹಿಂದೆ ಸರಿದಾಗ, ಕಕ್ಷಿದಾರ ಆ ದಿನ ಹಾಜರಿಲ್ಲದಿದ್ದರೆ, ವಿಚಾರಣಾ ನ್ಯಾಯಾಲಯ ಅವನಿಗೆ ನೋಟಿಸ್ ಕಳಿಸಬೇಕಿತ್ತು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಮಲ್ಕಿಯತ್ ಸಿಂಗ್ ಪ್ರಕರಣದಲ್ಲಿ ಹೇಳಿ, ಏಕಪಕ್ಷೀಯ ಡಿಕ್ರಿಯನ್ನು, ಎಂದರೆ ಅವನ ಗೈರಿನಲ್ಲಿ ಕೊಟ್ಟ ತೀರ್ಮಾನವನ್ನು, ತೆಗೆದುಹಾಕಿತು. ಅದಕ್ಕೂ ಮೊದಲೇ, 1981ರಲ್ಲಿ, ರಫೀಕ್ ಪ್ರಕರಣ ಬಂದಿತ್ತು. ಹಳ್ಳಿಯ ಮನುಷ್ಯ ವಕೀಲರನ್ನು ಗೊತ್ತು ಮಾಡಿ, ಫೀಸು ಕೊಟ್ಟು, ನಂಬಿ ಊರಿಗೆ ಹೋಗುತ್ತಾನೆ. ಆಮೇಲೆ ವಕೀಲರು ಬಂದರೋ ಇಲ್ಲವೋ ಎಂದು ಕಾಯುತ್ತಾ ಕೂರುವುದು ಅವನ ಕೆಲಸವೇ ಎಂದು ನ್ಯಾಯಮೂರ್ತಿ ಡಿ.ಎ. ದೇಸಾಯಿ ಅವರು ಕೇಳಿದ ಪ್ರಕರಣ ಅದು. ವಜಾ ಆಗಿದ್ದ ಅಪೀಲನ್ನು ಮತ್ತೆ ಕಡತಕ್ಕೆ ತಂದರು. ಎದುರು ಪಕ್ಷದ ಖರ್ಚು 200 ರೂಪಾಯಿಯನ್ನು ಗೈರಾದ ವಕೀಲರಿಂದಲೇ ವಸೂಲು ಮಾಡಿ ಎಂದರು. ಆ 200 ರೂಪಾಯಿಯ ಸಾಲನ್ನು ನಾನು ಎರಡು ಮೂರು ಸಲ ಓದಿದೆ, ಸುಳ್ಳೇಕೆ ಹೇಳಲಿ.

ನಮಗೆ ವಿಷಯ ಗೊತ್ತಾಗಿದ್ದು 2024ರ ಜನವರಿಯಲ್ಲಿ, ಸಂಕ್ರಾಂತಿಯ ಮಾರನೆ ವಾರ. ತೋಟಕ್ಕೆ ಯಾರೋ ಟೇಪು ಹಿಡಿದು ಅಳತೆಗೆ ಬಂದಿದ್ದಾರೆಂದು ಊರಿನಿಂದ ಫೋನು ಬಂತು. ಮಗಳು ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಇಳಿಸಿಕೊಂಡು, ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ ಅಂಕಿಗಳ ಗುರುತಿನ ಸಿ.ಎನ್.ಆರ್. ನಂಬರು ಹಾಕಿ, ಕಡತ ಮುಕ್ತಾಯವಾಗಿದೆ ಎಂದು ತೋರಿಸಿದಳು. ವಾಯಿದೆಯ ಎಸ್.ಎಂ.ಎಸ್. ಏಕೆ ಬರಲಿಲ್ಲ ಎಂದು ವಿಚಾರಿಸಿದರೆ, ದಾವೆ ಹಾಕುವಾಗ ವಾದಿಯ ಮೊಬೈಲ್ ಎಂಬ ಜಾಗದಲ್ಲಿ ತುಂಬಿದ್ದು ಹಿಂದಿನ ವಕೀಲರ ಗುಮಾಸ್ತನ ನಂಬರು. ಅವನು ಆ ಕೆಲಸ ಬಿಟ್ಟು ಈಗ ಫೈನಾನ್ಸ್ ಕಂಪನಿಯೊಂದರಲ್ಲಿದ್ದಾನೆ. ‘ಬರ್ತಿದ್ವು ಸಾರ್, ದಿನಕ್ಕೆ ಇಪ್ಪತ್ತು ಬರ್ತಿದ್ವು, ಯಾವುದು ಯಾರದು ಅಂತ ನೋಡ್ಲಿ’ ಎಂದ. ಅವನದೇನು ತಪ್ಪು?

ಹೊಸ ವಕೀಲರನ್ನು ಹಿಡಿದು, ನಕಲು ತೆಗೆಸಿ, ಫೆಬ್ರುವರಿ 7ರಂದು 9ನೇ ಆದೇಶದ 9ನೇ ನಿಯಮದಡಿ ದಾವೆಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಎಂದು ಅರ್ಜಿ ಹಾಕಿದೆವು. ಅದಕ್ಕೆ ಇರುವ ಅವಧಿ 30 ದಿನ. ನಾವು 143 ದಿನ ತಡ. ಆ ತಡವನ್ನು ಮನ್ನಿಸಲು ಅವಧಿ ಅಧಿನಿಯಮದ 5ನೇ ಕಲಮಿನಡಿ ಐ.ಎ. 1, ಎಂದರೆ ಒಂದನೇ ಮಧ್ಯಂತರ ಅರ್ಜಿ. ಪ್ರಮಾಣಪತ್ರದಲ್ಲಿ ಸೊಂಟದ ಆಪರೇಷನ್, ಮೆಮೊ, ಎಸ್.ಎಂ.ಎಸ್., ಎಲ್ಲ ಬರೆಸಿದ್ದೆವು. ಆಸ್ಪತ್ರೆಯ ಕಾಗದಗಳನ್ನು ಅದರ ಜೊತೆಗೆ ಲಗತ್ತಿಸಲಿಲ್ಲ. ಸಾಕ್ಷ್ಯ ನುಡಿಯುವಾಗ ಗುರುತು ಮಾಡಿಸೋಣ ಎಂದು ವಕೀಲರು ಹೇಳಿದ್ದರು. ಇದು ನಮ್ಮ ಕಡೆಯ ಕೊರತೆ, ಒಪ್ಪುತ್ತೇನೆ. ಆದರೆ ಕೊರತೆಯನ್ನು ತುಂಬಿಕೊಳ್ಳಲು ಒಂದು ವಾಯಿದೆ ಸಿಗುತ್ತದೆ ಎಂದು ನಂಬುವುದು ಅಷ್ಟು ದೊಡ್ಡ ದುರಾಸೆಯೇ?

ಎದುರು ಪಕ್ಷದ ತಕರಾರು ಸಲ್ಲಿಸಲು ಹತ್ತು ತಿಂಗಳು ಹಿಡಿಯಿತು. ಅವರಿಗೆ ಸಮಯ ಸಿಕ್ಕಿದ್ದಕ್ಕೆ ನನಗೇನೂ ಹೊಟ್ಟೆಯುರಿ ಇಲ್ಲ. 2024ರ ಡಿಸೆಂಬರ್ 3, ಮಂಗಳವಾರ. ಬೋರ್ಡಿಗೆ ಅಂಟಿಸಿದ್ದ ಪಟ್ಟಿಯಲ್ಲಿ 84 ಪ್ರಕರಣ, ನಾನೇ ಬೆರಳಿಟ್ಟು ಎಣಿಸಿದ್ದೆ. ಒಂದಕ್ಕೆ ನಾಲ್ಕು ನಿಮಿಷ ಹಾಕಿದರೂ ದಿನ ಸಾಲದು. ಆ ಕುರ್ಚಿಯ ಮೇಲೆ ಕೂತವರ ಕಷ್ಟ ನನಗೆ ಅರ್ಥವಾಗದ್ದಲ್ಲ.

ನಮ್ಮ ಸರದಿ ಬಂದಾಗ ಅವರ ವಕೀಲರು ಹನ್ನೊಂದು ಪುಟದ ತಕರಾರನ್ನು ಬೆಂಚ್ ಕ್ಲರ್ಕ್ ಕೈಗಿಟ್ಟು, ಒಂದು ಪ್ರತಿಯನ್ನು ನಮ್ಮ ವಕೀಲರತ್ತ ಸರಿಸಿದರು. ನಮ್ಮವರು ನಿಂತೇ ಎರಡು ಹಾಳೆ ತಿರುವಿದರು. ‘ಸ್ವಾಮಿ, ತಕರಾರು ಈಗ ಕೈಗೆ ಬಂತು. ಆಸ್ಪತ್ರೆ ದಾಖಲೆಗಳಿವೆ, ಅರ್ಜಿದಾರರ ಕಡೆ ಸಾಕ್ಷ್ಯ ಹೇಳಿಸುತ್ತೇವೆ, ಒಂದು ಚಿಕ್ಕ ವಾಯಿದೆ ಕೊಡಿ’ ಎಂದರು. ನಾನು ಕೊನೆಯ ಬೆಂಚಿನಲ್ಲಿದ್ದೆ. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು. ಅದರೊಳಗೆ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ವಾಕರಿನ ಬಿಲ್ಲು. ಬೇಕಾದರೆ ಓಡಿಹೋಗಿ ಕೊಡೋಣ ಎಂದು ಅರ್ಧ ಎದ್ದೂ ನಿಂತಿದ್ದೆ. ಪೀಠದಿಂದ ಬಂದದ್ದು ಮೂರು ಮಾತು: ‘ಹಿಯರ್ಡ್. ಆರ್ಡರ್ಸ್, ಶುಕ್ರವಾರ.’ ಬೆಂಚ್ ಕ್ಲರ್ಕ್ ಮುಂದಿನ ನಂಬರು ಓದಿದರು. ನಾನು ಕೂತೆ.

ಶುಕ್ರವಾರದ ಆದೇಶ ನಾಲ್ಕು ವಾಕ್ಯ. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಎರಡೂ ಕಡೆಯವರನ್ನು ಕೇಳಲಾಯಿತು. ಅರ್ಜಿದಾರರು ತಮ್ಮ ಕಾರಣಕ್ಕೆ ಪೂರಕವಾದ ಯಾವ ದಾಖಲೆಯನ್ನೂ ಹಾಜರುಪಡಿಸಿಲ್ಲ. ಸಾಕಷ್ಟು ಕಾರಣ ತೋರಿಸಿಲ್ಲವಾದ್ದರಿಂದ ಐ.ಎ. 1 ವಜಾ. ತತ್ಪರಿಣಾಮವಾಗಿ ಮೂಲ ಅರ್ಜಿಯೂ ವಜಾ.

ಮಾನ್ಯರೆ, ಎರಡನೆಯ ವಾಕ್ಯದ ಹತ್ತಿರ ಸ್ವಲ್ಪ ನಿಲ್ಲಿ. ದಾಖಲೆ ಹಾಜರುಪಡಿಸಿಲ್ಲ, ನಿಜ. ಹಾಜರುಪಡಿಸುತ್ತೇವೆ ಎಂದು ಕೇಳಿದ್ದೆವಲ್ಲ, ಆ ಮಾತು ಎಲ್ಲಿ ಹೋಯಿತು? ಆರ್ಡರ್ ಶೀಟಿನ ನಕಲು ತೆಗೆಸಿ ಹುಡುಕಿದೆ. ಡಿಸೆಂಬರ್ 3ರ ಎದುರಿಗೆ ‘ತಕರಾರು ಸಲ್ಲಿಕೆ, ಕೇಳಲಾಯಿತು, ಆದೇಶಕ್ಕೆ’ ಎಂದಷ್ಟೇ ಇದೆ. ಸಮಯ ಕೇಳಿದ್ದೂ ಇಲ್ಲ, ಕೊಡದೆ ಹೋದದ್ದೂ ಇಲ್ಲ. ‘ಕೊಡುವುದಿಲ್ಲ, ಏಕೆಂದರೆ ಹತ್ತು ತಿಂಗಳಿಂದ ಕೂತಿದ್ದೀರಿ’ ಎಂದು ಒಂದು ಸಾಲು ಬರೆದಿದ್ದರೂ ನಾನು ಮೇಲಿನ ಕೋರ್ಟಿಗೆ ಹೋಗಿ ಆ ಸಾಲಿನ ಮೇಲೆ ವಾದ ಮಾಡುತ್ತಿದ್ದೆ. ಈಗ ವಾದ ಮಾಡಲು ಹಿಡಿಯಷ್ಟು ಜಾಗವೂ ಇಲ್ಲ. ಬಾಗಿಲು ಹಾಕಿಕೊಂಡು, ಒಳಗೆ ಯಾಕೆ ಬರಲಿಲ್ಲ ಎಂದು ಕೇಳಿದ ಹಾಗಾಯಿತು.

ನಮ್ಮ ಶಾಖೆಯಲ್ಲಿ ಹೀಗೊಂದು ಟಿಪ್ಪಣಿ ಬರೆದು ಮೇಜಿಗೆ ಕಳಿಸಿದ್ದರೆ ಕಾನೂನು ಅಧಿಕಾರಿಗಳು ಕೆಂಪು ಶಾಯಿಯಲ್ಲಿ ‘ಅವಕಾಶ ಕೊಟ್ಟಿದ್ದೆಲ್ಲಿ?’ ಎಂದು ಬರೆದು ವಾಪಸ್ ಎಸೆಯುತ್ತಿದ್ದರು. ಎಷ್ಟೋ ಸಲ ಎಸೆದಿದ್ದಾರೆ.

143 ದಿನ ದೊಡ್ಡದೇ ಇರಬಹುದು. ತಡವನ್ನೆಲ್ಲ ಕಣ್ಣುಮುಚ್ಚಿ ಮನ್ನಿಸಬೇಕೆಂಬ ವಾದ ನನ್ನದಲ್ಲ. ನಮ್ಮ ರಾಜ್ಯದಿಂದಲೇ ಹೋದ ಬಸವರಾಜ್ ಪ್ರಕರಣದಲ್ಲಿ ಐದೂವರೆ ವರ್ಷದ ತಡವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಮನ್ನಿಸಲಿಲ್ಲ, ಸರಿಯೇ. ವಕೀಲರ ತಪ್ಪಿನ ಹಿಂದೆ ಕಕ್ಷಿದಾರ ಪ್ರತಿ ಸಲವೂ ಅಡಗಿಕೊಳ್ಳಲಾಗದು ಎಂದು ಅದೇ ನ್ಯಾಯಾಲಯ 1993ರ ಸಲೀಲ್ ದತ್ತ ಪ್ರಕರಣದಲ್ಲಿ ಎಚ್ಚರಿಸಿದ್ದೂ ಗೊತ್ತು. ಇನ್ನೊಂದು ಕಡೆ 1987ರ ಕಾತೀಜಿ ಪ್ರಕರಣವೂ ಇದೆ: ತಡವಾದ ಪ್ರತಿ ದಿನಕ್ಕೂ ವಿವರಣೆ ಕೊಡಿ ಎನ್ನುವುದಾದರೆ ಪ್ರತಿ ಗಂಟೆಗೆ, ಪ್ರತಿ ಸೆಕೆಂಡಿಗೆ ಏಕೆ ಬೇಡ ಎಂದು ಅಲ್ಲಿ ಕೇಳಿದ್ದಾರೆ. ಆ ಪ್ರಕರಣದಲ್ಲಿ ನಾಲ್ಕು ದಿನ ತಡ ಮಾಡಿ ಬಂದಿದ್ದುದು ಸರ್ಕಾರ, ಅದು ಬೇರೆ ಮಾತು. ನಮ್ಮ 143 ದಿನ ಈ ತಕ್ಕಡಿಯ ಯಾವ ತಟ್ಟೆಗೆ ಬೀಳುತ್ತಿತ್ತೋ, ತೂಗಿದ್ದರೆ ತಾನೆ ಗೊತ್ತಾಗುವುದು? ತೂಗಿದ ಗುರುತು ಆದೇಶದಲ್ಲಿ ಇಲ್ಲ. 143 ಎಂಬ ಅಂಕಿಯೇ ಇಲ್ಲ.

ಆದೇಶ ಓದಿ ಹೇಳಿದ ದಿನ ಅವ್ವ ಅಳಲಿಲ್ಲ, ಬಯ್ಯಲೂ ಇಲ್ಲ. ‘ಸೋತೆ ಅಂದ್ರೆ ಸೋತೆ ಅಂತ ಒಪ್ಕೋತೀನಿ ಕಣಪ್ಪ. ಯಾಕೆ ಅಂತ ಹೇಳ್ಬೇಕಲ್ವಾ?’ ಎಂದಳು. ಇಂಗ್ಲಿಷ್ ಬಾರದ ಹೆಂಗಸಿಗೆ ಇಂಗ್ಲಿಷ್ ಆದೇಶವನ್ನು ಕನ್ನಡ ಮಾಡಿ ಹೇಳಿದ್ದು ನಾನು. ಅವಳಿಗೆ ನನ್ನ ಅನುವಾದದ ಮೇಲೆಯೇ ಗುಮಾನಿ ಬಂತು. ‘ಇಷ್ಟೇನಾ ಬರ್ದಿರೋದು? ನೀನು ಪೂರ್ತಿ ಓದ್ಲಿಲ್ಲ’ ಎಂದು ಕಾಗದ ತಿರುಗಿಸಿ ಹಿಂಬದಿ ನೋಡಿದಳು. ಹಿಂದೆ ಖಾಲಿ ಇತ್ತು, ನಕಲು ವಿಭಾಗದ ಸೀಲು ಬಿಟ್ಟರೆ.

ಪಾಲಿನ ದಾವೆಗೆ ಕಾರಣ ಮತ್ತೆ ಮತ್ತೆ ಹುಟ್ಟುತ್ತದೆ, ಹೊಸ ದಾವೆ ಹಾಕಿಬಿಡಿ ಎಂದು ಕೆಲವು ಹಿತೈಷಿಗಳು ಸಲಹೆ ಕೊಟ್ಟರು. ಕಾನೂನಿನಲ್ಲಿ ಆ ದಾರಿ ಇರಬಹುದು. ಆದರೆ 79ನೇ ವಯಸ್ಸಿನಲ್ಲಿ ಮತ್ತೆ ಸಮನ್ಸ್ ಜಾರಿಯಿಂದ, ಕೋರ್ಟಿನ ಅಮೀನ ಸಮನ್ಸ್ ಹಿಡಿದು ಮಾವನ ಮನೆ ಬಾಗಿಲು ತಟ್ಟುವಲ್ಲಿಂದ ಶುರು ಮಾಡಿ ಎನ್ನುವುದು ಯಾವ ಲೆಕ್ಕದ ನ್ಯಾಯ? ಅದಕ್ಕೇ ಸಂಹಿತೆಯ 43ನೇ ಆದೇಶದಡಿ ಮೇಲ್ಮನವಿ ಹಾಕಿದೆವು.

ಪ್ರಕ್ರಿಯೆ ಇರುವುದು ನ್ಯಾಯಕ್ಕೆ ದಾರಿ ಮಾಡಿಕೊಡುವುದಕ್ಕೆ, ಜನರನ್ನು ಎಡವಿ ಬೀಳಿಸುವುದಕ್ಕಲ್ಲ ಎಂದು ನ್ಯಾಯಮೂರ್ತಿ ವಿವಿಯನ್ ಬೋಸ್ 1955ರಲ್ಲೇ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ಬರೆದರು. ಅದೂ ಕಕ್ಷಿದಾರನೊಬ್ಬ ಒಂದು ದಿನ ಹಾಜರಾಗದೆ ಹೋದ ಪ್ರಕರಣವೇ. ಅದಾಗಿ ಎಪ್ಪತ್ತು ವರ್ಷ.

ಈಗ ನನ್ನ ಬೇಡಿಕೆ. ಸಂವಿಧಾನದ 227 ಮತ್ತು 235ನೇ ವಿಧಿಗಳಂತೆ ಅಧೀನ ನ್ಯಾಯಾಲಯಗಳ ಮೇಲ್ವಿಚಾರಣೆ, ನಿಯಂತ್ರಣ ಉಚ್ಚ ನ್ಯಾಯಾಲಯದ್ದು. ಸಿವಿಲ್ ಸಂಹಿತೆಯ 122ನೇ ಕಲಮಿನಡಿ ಪ್ರಕ್ರಿಯೆಗೆ ನಿಯಮ ಮಾಡುವ ಅಧಿಕಾರವೂ ತಮ್ಮ ನ್ಯಾಯಾಲಯಕ್ಕಿದೆ. ನೋ ಇನ್‌ಸ್ಟ್ರಕ್ಷನ್ ಮೆಮೊ ಬಂದ ಕೂಡಲೇ ಕಕ್ಷಿದಾರನ ನೋಂದಾಯಿತ ವಿಳಾಸಕ್ಕೆ ನ್ಯಾಯಾಲಯವೇ ನೋಟಿಸ್ ಕಳಿಸಬೇಕು, ಅದರ ಸ್ವೀಕೃತಿ ಅಥವಾ ಮುಟ್ಟಲಿಲ್ಲವೆಂಬ ಷರಾ ಕಡತಕ್ಕೆ ಬರದೆ ಗೈರುಹಾಜರಿಯ ವಜಾ ಮಾಡಬಾರದು ಎಂದು ನಿಯಮವಾಗಲಿ, ಕನಿಷ್ಠ ಒಂದು ಸುತ್ತೋಲೆಯಾಗಲಿ ಹೊರಡಲಿ. 1998ರ ತೀರ್ಪು ವಕೀಲರ ಕಪಾಟಿನಲ್ಲಿದೆ, ಶಿರಸ್ತೇದಾರರ ಮೇಜಿನ ಮೇಲೆ ಇಲ್ಲ. ಸುತ್ತೋಲೆಯಾದರೆ ಮೇಜಿನ ಗಾಜಿನ ಕೆಳಗೆ ಇರುತ್ತದೆ. ಗುಮಾಸ್ತರು ಪಾಲಿಸುವುದು ಗಾಜಿನ ಕೆಳಗೆ ಇರುವುದನ್ನು, ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ದಾವೆ ದಾಖಲಿಸುವ ಕೌಂಟರಿನಲ್ಲಿ ಕಕ್ಷಿದಾರನ ಸ್ವಂತ ಮೊಬೈಲ್ ನಂಬರು ಇಲ್ಲದೆ ಕಡತ ತೆಗೆದುಕೊಳ್ಳದಿರಲಿ. ಮೊಬೈಲ್ ಇಲ್ಲದವರಿಗೆ ಮನೆಯವರದ್ದು ಇರಲಿ, ವಕೀಲರ ಗುಮಾಸ್ತನದ್ದು ಬೇಡ.

ಐ.ಎ.ಗಳ ಆದೇಶದ ವಿಷಯ ಸ್ವಲ್ಪ ಕಷ್ಟದ್ದು, ನನಗೆ ಗೊತ್ತು. 84 ಪ್ರಕರಣಗಳ ದಿನ ಪ್ರತಿ ಐ.ಎ.ಗೂ ಹತ್ತು ಪುಟ ಬರೆಯಿರಿ ಎಂದರೆ ಯಾರಿಂದಲೂ ಆಗದು. ಹತ್ತು ಸಾಲು ಸಾಕು. ಸಮಯ ಕೇಳಿದರೇ, ಕೊಟ್ಟೆವೇ, ಕೊಡದಿದ್ದರೆ ಏಕೆ, ಅವರು ಹೇಳಿದ ಕಾರಣ ಇದು, ಅದು ಸಾಲದೆ ಹೋದದ್ದು ಇದಕ್ಕೆ. ಕಕ್ಷಿದಾರ ಕನ್ನಡದವನಾಗಿದ್ದರೆ ಆ ಹತ್ತು ಸಾಲು ಕನ್ನಡದಲ್ಲಿರಲಿ. ಎದುರಾಳಿಯ ತಕರಾರಿನ ಪ್ರತಿ ಕೈಗೆ ಬಂದ ದಿನವೇ ಆದೇಶಕ್ಕೆ ಇಡುವ ಪದ್ಧತಿ ಮಾತ್ರ ಪೂರ್ತಿ ನಿಲ್ಲಬೇಕು. ಹನ್ನೊಂದು ಪುಟವನ್ನು ನಿಂತುಕೊಂಡು ಓದಿ ಉತ್ತರ ಹೇಳುವಷ್ಟು ಜಾಣ ವಕೀಲರು ತಾಲ್ಲೂಕಿನಲ್ಲಿ ಇರಬಹುದು, ಅವರ ಫೀಸು ನಮ್ಮ ಕೈಗೆಟುಕುವುದಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ತಮ್ಮ ರಿಜಿಸ್ಟ್ರಾರ್ ಜನರಲ್ ಅವರಿಗೆ ಅಂಚೆಯಲ್ಲಿ ಕಳಿಸಿದ್ದೇನೆ, ಅದರಲ್ಲಿ ನಮ್ಮ ಪೂರ್ತಿ ವಿಳಾಸವಿದೆ. ಹಿಂಬರಹ ಕೊಡುವುದಾದರೆ ದಯವಿಟ್ಟು ಕನ್ನಡದಲ್ಲಿ ಕೊಡಿಸಿ, ನನ್ನ ಹೆಸರಿಗಲ್ಲ, ವಾದಿಯ ಹೆಸರಿಗೆ. ಅವಳೇ ಓದಿಸಿಕೊಳ್ಳುತ್ತಾಳೆ, ಬೇರೆ ಯಾರಿಂದಲಾದರೂ. ನಾನು ಓದಿದರೆ ನಂಬುವುದಿಲ್ಲ.

ಇತಿ,
ತಮ್ಮ ವಿಧೇಯ,
ಒಬ್ಬ ನಿವೃತ್ತ ಗುಮಾಸ್ತ